ಬುಗ್ಗೆಯ ಬಿಸುಪಿಗೆ ಬರುವ ಮ್ಯಾನಟಿಗಳು

ಚಳಿಗಾಲದಲ್ಲಿ ಅಮೆರಿಕದ ಫ್ಲಾರಿಡಾದ ಸೇಂಟ್ ಜಾನ್ಸ್ ನದಿ ತಣ್ಣಗಾದರೂ, ಅದನ್ನು ಸೇರುವ ಬ್ಲೂ ಸ್ಪ್ರಿಂಗ್ ಬುಗ್ಗೆಯ ನೀರು ಸುಮಾರು 22 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಆಗ ಮ್ಯಾನಟಿ ಎಂಬ ನೂರಾರು ನೀರಿನ ಸಸ್ತನಿಗಳು ನದಿ ಬಿಟ್ಟು ಬುಗ್ಗೆಯ ತೊರೆಗೆ ಬರುತ್ತವೆ. ದಂಡೆಯಲ್ಲಿ ನಿಂತರೆ ಸಾಕು, ತಿಳಿನೀರಿನ ತಳದಲ್ಲಿ ಬೂದುಬಣ್ಣದ ಮೈಗಳು ಒತ್ತೊತ್ತಾಗಿ ಮಲಗಿರುವುದು ಕಾಣುತ್ತದೆ.

ಮೂರು ಮೀಟರ್ ಉದ್ದದ, ಐನೂರು ಕಿಲೋ ತೂಗುವ ಪ್ರಾಣಿಗೆ ಚಳಿಯ ಭಯವೇಕೆ? ಅದರ ದುಂಡು ಮೈ ಕೊಬ್ಬಿನದಲ್ಲ. ಹುಲ್ಲು ಅರಗಿಸುವ ದೊಡ್ಡ ಕರುಳು ಹೊಟ್ಟೆ ತುಂಬಿಕೊಂಡಿದೆ. ತಿಮಿಂಗಿಲಕ್ಕಿರುವಂಥ ದಪ್ಪ ಕೊಬ್ಬಿನ ಹೊದಿಕೆ ಇದಕ್ಕಿಲ್ಲ, ದೇಹ ಉತ್ಪಾದಿಸುವ ಶಾಖವೂ ಕಡಿಮೆ. 20 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಬಹಳ ದಿನ ಉಳಿದರೆ ಕಾಯಿಲೆ ಬಿದ್ದು ಸಾಯುತ್ತದೆ.

ನೋಡುವವರು ಮೊದಲು ಗಮನಿಸಬೇಕಾದದ್ದು ಉಸಿರಾಟ. ಕೆಲವು ನಿಮಿಷಕ್ಕೊಮ್ಮೆ ಮೂಗಿನ ಹೊಳ್ಳೆಗಳಷ್ಟೇ ನೀರಿನ ಮೇಲೆ ಬರುತ್ತವೆ, ಉಸಿರು ಎಳೆದೊಡನೆ ಮುಚ್ಚಿಕೊಳ್ಳುತ್ತವೆ. ಸುಮ್ಮನೆ ಮಲಗಿದ್ದರೆ ಇಪ್ಪತ್ತು ನಿಮಿಷದವರೆಗೂ ಉಸಿರು ಹಿಡಿಯಬಲ್ಲದು. ಶ್ವಾಸಕೋಶಗಳು ಬೆನ್ನುದ್ದಕ್ಕೂ ಚಾಚಿಕೊಂಡಿರುವುದರಿಂದ ಮೈ ಮಟ್ಟವಾಗಿ ತೇಲುತ್ತದೆ. ಮಜ್ಜೆಯ ಟೊಳ್ಳಿಲ್ಲದ ಭಾರದ ಪಕ್ಕೆಲುಬುಗಳು ಮುಳುಗಲು ನೆರವಾಗುತ್ತವೆ.

ಬಾಲ ಅಗಲವಾದ ದುಂಡು ಹುಟ್ಟಿನಂತಿದೆ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿರುವ ಇದರ ಸೋದರಸಂಬಂಧಿ ಡುಗಾಂಗ್‌ಗೆ ಕವಲೊಡೆದ ಬಾಲ. ಮ್ಯಾನಟಿಯ ಈಜುಗೈಯ ತುದಿಯಲ್ಲಿ ಮೂರು ನಾಲ್ಕು ಉಗುರುಗಳಿರುತ್ತವೆ. ಆನೆ ಇದರ ಹತ್ತಿರದ ನೆಂಟ. ಎರಡರಲ್ಲೂ ಮುಂದಿನ ದವಡೆಹಲ್ಲು ಸವೆದು ಬಿದ್ದಂತೆ ಹಿಂದಿನವು ಮುಂದೆ ಸರಿಯುತ್ತವೆ, ಮ್ಯಾನಟಿಯಲ್ಲಂತೂ ಬದುಕಿರುವವರೆಗೂ ಹೊಸ ಹಲ್ಲು ಬರುತ್ತಲೇ ಇರುತ್ತದೆ. ನಮ್ಮ ಕುತ್ತಿಗೆಯಲ್ಲಿ ಏಳು ಮೂಳೆಗಳಿದ್ದರೆ ಇದರಲ್ಲಿ ಆರೇ. ಮೈಮೇಲೆಲ್ಲ ವಿರಳವಾಗಿ ಹರಡಿದ ಕೂದಲುಗಳು ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತವೆ. ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ಈ ಕೂದಲೇ: ಕಲಕುನೀರಿನಲ್ಲಿ ಕಣ್ಣು ಸೋತಾಗಲೂ ಇಡೀ ಚರ್ಮ ಸುತ್ತಲನ್ನು ಅರಿಯುತ್ತಿರುತ್ತದೆ.

ಬೆನ್ನ ಮೇಲಿನ ಬಿಳಿ ಗೆರೆಗಳು ಮಾತ್ರ ಹುಟ್ಟಿನಿಂದ ಬಂದವಲ್ಲ. ಹೆಚ್ಚಿನವು ಮೋಟಾರುದೋಣಿಗಳು ಮಾಡಿದ ಗಾಯದ ಕಲೆಗಳು. ಎಷ್ಟೋ ಮ್ಯಾನಟಿಗಳಿಗೆ ಇಂಥ ಕಲೆ ಇರುವುದರಿಂದ, ಸಂಶೋಧಕರು ಅದರ ಚಿತ್ರ ತೆಗೆದಿಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಒಂದೊಂದನ್ನೂ ಗುರುತಿಸುತ್ತಾರೆ. ಅಪಾಯ ದೋಣಿಗಳಿಂದ ಮಾತ್ರವಲ್ಲ: 2021ರಲ್ಲಿ ಫ್ಲಾರಿಡಾದಲ್ಲಿ ಸುಮಾರು 1,100 ಮ್ಯಾನಟಿಗಳು ಸತ್ತವು. ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಕಡಲಹುಲ್ಲು ನಾಶವಾಗಿ ಎಷ್ಟೋ ಹಸಿವಿನಿಂದಲೇ ಹೋದವು.

ಫ್ಲಾರಿಡಾದಲ್ಲೇ ಇರುವ ಕ್ರಿಸ್ಟಲ್ ರಿವರ್‌ನಲ್ಲಿ ಜನ ಇವುಗಳ ಜೊತೆ ನೀರಿಗಿಳಿಯಬಹುದು. ಬ್ಲೂ ಸ್ಪ್ರಿಂಗ್‌ನಲ್ಲಿ ಮ್ಯಾನಟಿಗಳಿರುವ ಕಾಲದಲ್ಲಿ ಈಜು ನಿಷಿದ್ಧ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಮನುಷ್ಯರ ಗದ್ದಲಕ್ಕೆ ಬೆದರಿ ಹೊರಟ ಮ್ಯಾನಟಿಗೆ ಹೋಗಲು ಉಳಿದಿರುವುದು ತಣ್ಣನೆಯ ನದಿಯೊಂದೇ.