ಕಂಪ್ಯೂಟರ್ ಓದಲಾಗದ ನಮ್ಮ ಸೀಮೆ

ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಪಾರಿಜಾತ ಆಟದ ಪೋಸ್ಟರ್, ಸಹಕಾರಿ ಸಂಘದ ವರದಿ, ಹಳ್ಳಿಯ ಕವಿಗಳ ಪುಸ್ತಕ, ಎಲ್ಲವೂ ನನ್ನಂಥವರ ಕೈದಾಟಿಯೇ ಅಚ್ಚಿಗೆ ಹೋಗುತ್ತವೆ. ಕಂಪ್ಯೂಟರ್ ಈಗ ತಾನಾಗಿಯೇ ಓದಿ ಕಲಿಯುತ್ತದೆ ಎನ್ನುತ್ತಾರೆ. ಅದಕ್ಕೆ ಓದಲು ಸಿಗುವುದೇನು ಎಂಬುದೇ ನನ್ನ ಚಿಂತೆ.

2010ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ ‘ನೆಲ್’ ಎಂಬ ಪ್ರೋಗ್ರಾಮ್ ಶುರುಮಾಡಿತು. ಹಗಲೂ ರಾತ್ರಿ ಇಂಗ್ಲಿಷ್ ವೆಬ್ ಪುಟ ಓದುವುದೇ ಅದರ ಕೆಲಸವಾಗಿತ್ತು. ಊರು, ನದಿ, ಆಟಗಾರ ಹೀಗೆ ಒಂದೊಂದು ಗುಂಪಿಗೆ ಹತ್ತು ಹದಿನೈದು ಹೆಸರು ಹೇಳಿಕೊಟ್ಟರು. ಆ ಹೆಸರುಗಳ ಹಿಂದೆಮುಂದೆ ಎಂಥ ಮಾತು ಬರುತ್ತದೆಂದು ಅದು ಗುರುತಿಟ್ಟುಕೊಂಡಿತು. ಅಂಥದೇ ಮಾತಿನ ನಡುವೆ ಹೊಸ ಹೆಸರು ಕಂಡರೆ ಅದನ್ನೂ ಗುಂಪಿಗೆ ಸೇರಿಸಿಕೊಂಡಿತು. ಒಂದು ತಪ್ಪಿನಿಂದ ಇನ್ನೊಂದು ತಪ್ಪೂ ಹುಟ್ಟಿತು: ಇಂಟರ್ನೆಟ್ಟಿನ ಕುಕಿಯನ್ನು ಬೇಕರಿಯ ತಿನಿಸೆಂದು ಬಗೆದು, ಕುಕಿಯಂತೆಯೇ ಜನ ಅಳಿಸಿಹಾಕುವ ಫೈಲುಗಳನ್ನೂ ತಿನಿಸೆಂದುಕೊಂಡಿತು. ಮನುಷ್ಯರೇ ಕೂತು ತಿದ್ದಬೇಕಾಯಿತು.

ಕನ್ನಡ ಓದುವಾಗಲೂ ಯಂತ್ರ ಹೀಗೆ ಎಡವೀತು. ನಮ್ಮ ಗೋಕಾಕವನ್ನೇ ನೋಡಿ. ಅದು ಊರು, ಘಟಪ್ರಭೆ ಧುಮುಕುವ ಜಲಪಾತ, ಸಾಹಿತಿ ವಿ.ಕೃ. ಗೋಕಾಕ, ಅವರ ಸಮಿತಿಯ 1981ರ ವರದಿ, ಅದರ ಜಾರಿಗಾಗಿ ಕನ್ನಡಿಗರು ಬೀದಿಗಿಳಿದ ಚಳವಳಿ. ಆ ಸಾಹಿತಿ ಹುಟ್ಟಿದ್ದೋ ಸವಣೂರಿನಲ್ಲಿ. ಇವನ್ನೆಲ್ಲ ಬಿಡಿಸಿ ಹೇಳುವ ಕನ್ನಡ ಬರಹ ಸಾಕಷ್ಟು ಸಿಗದಿದ್ದರೆ ಯಂತ್ರ ಎಲ್ಲವನ್ನೂ ಒಂದೇ ಊರಿಗೆ ಗಂಟುಹಾಕೀತು.

ಕನ್ನಡಕ್ಕೂ ಓದಿನ ಭಂಡಾರ ಕಟ್ಟುತ್ತಿದ್ದಾರೆ. ಐಐಟಿ ಮದ್ರಾಸಿನ ‘ಎಐ4ಭಾರತ್’ 2020ರಲ್ಲಿ ಹೊರತಂದ ಸಂಗ್ರಹದಲ್ಲಿ ಕನ್ನಡದ್ದೇ ಸುಮಾರು 71 ಕೋಟಿ ಪದಗಳಿದ್ದವು. ದೊಡ್ಡ ಕೆಲಸವೇ ಸರಿ. ಆದರೆ ಬಹುಪಾಲು ಸುದ್ದಿತಾಣಗಳಿಂದ ಬಂದದ್ದು. ಸುದ್ದಿಯಲ್ಲಿ ನಮ್ಮ ಸೀಮೆ ಕಾಣುವುದು ಚುನಾವಣೆಗೆ, ಇಲ್ಲವೇ ಹೊಳೆ ಉಕ್ಕಿದಾಗ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದದ್ದು ಯಂತ್ರಕ್ಕೆ ತಿಳಿದೀತು. ಅವರನ್ನು ಬೆಳೆಸಿದ ಬಯಲಾಟದ ಪದಗಳು? ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ನೆನಪನ್ನು ಇಂದಿಗೂ ಉಳಿಸಿಕೊಂಡಿರುವ ಮೇಳಗಳ ಮಾತು?

ಅವು ಬರಹವಾಗಿಲ್ಲ ಎಂದಲ್ಲ. ನಮ್ಮ ಅಂಗಡಿಗಳಲ್ಲೇ ಟೈಪಾಗಿವೆ, ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ. ಆ ಫೈಲಿನ ಒಳಗಿರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ರೂಪ ಮೂಡಿಸುತ್ತದೆ. ಫಾಂಟು ತೆಗೆದರೆ ಅರ್ಥವಿಲ್ಲದ ಗುರುತುಗಳ ಸಾಲು, ಯಂತ್ರ ಓದುವುದು ಅದನ್ನೇ. ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಹಾಗಲ್ಲ, ‘ಕ’ ಎಲ್ಲಿ ಹೋದರೂ ‘ಕ’ವೇ.

ಡಿಟಿಪಿ ಮಾಡುವ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಹಳೆಯ ಫೈಲುಗಳನ್ನು ಅಳಿಸಬೇಡಿ. ಪರಿವರ್ತಕ ತಂತ್ರಾಂಶಗಳು ಇವೆ, ಯುನಿಕೋಡಿಗೆ ತಿರುಗಿಸಿ, ಒತ್ತಕ್ಷರ ಕೆಟ್ಟಲ್ಲಿ ತಿದ್ದಿ, ಬರೆದವರ ಒಪ್ಪಿಗೆ ಪಡೆದು ಕನ್ನಡ ವಿಕಿಸೋರ್ಸ್‌ನಂಥ ಕಡೆ ಸೇರಿಸಿ. ಹೊಸ ಕೆಲಸವನ್ನಂತೂ ಇವತ್ತಿನಿಂದಲೇ ಯುನಿಕೋಡ್‌ನಲ್ಲಿ ಮಾಡಿ.