ನಿಮಗಿದು ಗೊತ್ತೆ?: ಬೆಂಗಳೂರಲ್ಲಿ ವಿಶ್ವಸುಂದರಿ

ಭಾರತದಲ್ಲಿ ಮೊದಲ ಬಾರಿ ‘ಮಿಸ್ ವರ್ಲ್ಡ್’ ಸ್ಪರ್ಧೆ ನಡೆದದ್ದು ದಿಲ್ಲಿಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 1996ರ ನವೆಂಬರ್ 23ರಂದು. ಸಂಘಟನೆಯ ಹೊಣೆ ಹೊತ್ತದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ.

ಸ್ಪರ್ಧೆಗೆ ಬಂದ ವಿರೋಧ ಸಣ್ಣದಲ್ಲ. ಹೆಣ್ಣಿನ ದೇಹ ಮಾರಾಟದ ಸರಕಲ್ಲ ಎಂದು ಮಹಿಳಾ ಸಂಘಟನೆಗಳು ಬೀದಿಗಿಳಿದವು; ಸಂಸ್ಕೃತಿಯ ಹೆಸರಿನಲ್ಲಿ ಇನ್ನೊಂದು ಬಣವೂ ಎದ್ದಿತು. ಎಡ, ಬಲ ಎರಡೂ ಒಂದೇ ವಿಷಯಕ್ಕೆ ಹೀಗೆ ಧಿಕ್ಕಾರ ಕೂಗಿದ್ದು ಅಪರೂಪವೇ ಸರಿ. ಮದುರೈಯಲ್ಲಿ ಯುವಕನೊಬ್ಬ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಯಾವ ಕಿರೀಟಕ್ಕೂ ತೆರಬಾರದ ಬೆಲೆ ಅದು. ಕೊನೆಗೆ ಈಜುಡುಗೆಯ ಸುತ್ತನ್ನು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು.

ಬಿಗಿ ಪೊಲೀಸ್ ಕಾವಲಿನ ನಡುವೆ 88 ದೇಶ, ಪ್ರದೇಶಗಳ ಸುಂದರಿಯರು ವೇದಿಕೆ ಏರಿದರು. ಭಾರತದ ರಾಣಿ ಜೆಯರಾಜ್ ಕೊನೆಯ ಐವರಲ್ಲಿ ಒಬ್ಬರಾದರು. ಹಿಂದಿನ ವರ್ಷದ ವಿಜೇತೆ, ವೆನೆಜುವೆಲಾದ ಜಾಕ್ವೆಲಿನ್ ಅಗಿಲೆರಾ ಅವರಿಂದ ಕಿರೀಟ ಪಡೆದವರು ಗ್ರೀಸ್‌ನ ಐರಿನ್ ಸ್ಕ್ಲಿವಾ.

ಅಂದಹಾಗೆ, 1951ರಲ್ಲಿ ಲಂಡನ್ನಿನಲ್ಲಿ ಎರಿಕ್ ಮಾರ್ಲಿ ಈ ಸ್ಪರ್ಧೆಯನ್ನು ಶುರು ಮಾಡಿದ್ದೇ ಬಿಕಿನಿ ಸ್ಪರ್ಧೆಯಾಗಿ. ಬೆಂಗಳೂರಿನ ನಂತರ ಅದು ಭಾರತಕ್ಕೆ ಮರಳಿದ್ದು 2024ರಲ್ಲಿ, ಮುಂಬೈಗೆ.