ಕ್ಯಾನಿನ ಹಾಲಿಗೆ ಕೆಟ್ಟ ವಾಸನೆ: ತಪ್ಪಿನ ಜಾಡು ಹಿಡಿಯುವುದು ಹೇಗೆ?

ಹಾವೇರಿ: ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗು ಮತ್ತು ಸಂಜೆ ಹಾಲಿನ ಸಂಘದ ಮುಂದೆ ಕಾಣುವ ಸಾಲು ಚಿಕ್ಕ ರೈತರ ಮನೆಖರ್ಚಿನ ಆಧಾರವಾಗಿದೆ. ಗೋವಿನಜೋಳಕ್ಕೆ, ಹತ್ತಿಗೆ, ಭತ್ತಕ್ಕೆ ಹಣ ಬರುವುದು ವರ್ಷಕ್ಕೊಂದೆರಡು ಬಾರಿ. ಹಾಲಿನ ಹಣ ಮಾತ್ರ ತಪ್ಪದೆ ಬರುತ್ತದೆ. ಆದ್ದರಿಂದಲೇ ಸಂಘದ ಪರೀಕ್ಷಕರು ಕ್ಯಾನಿನ ಮುಚ್ಚಳ ತೆಗೆದು ಮೂಸಿ, 'ಈ ಹಾಲು ಬೇಡ' ಎಂದು ಹಿಂದಕ್ಕೆ ಕಳಿಸಿದರೆ ಆ ಮನೆಗೆ ಒಂದು ಹೊತ್ತಿನ ದುಡಿಮೆಯೇ ನಷ್ಟವಾದಂತೆ.

ಪರೀಕ್ಷಕರ ನಿಷ್ಠುರತೆಗೂ ಕಾರಣವಿದೆ. ಹಲವು ಮನೆಗಳ ಹಾಲು ಒಂದೇ ಶೀತಲೀಕರಣ ತೊಟ್ಟಿಗೆ ಸೇರುವುದರಿಂದ ಒಂದು ಕ್ಯಾನಿನ ದೋಷ ಇಡೀ ತೊಟ್ಟಿಗೆ ಹರಡುತ್ತದೆ. ಹಾಲಿನ ದರವನ್ನು ಕೊಬ್ಬು ಹಾಗೂ ಕೊಬ್ಬೇತರ ಘನಾಂಶದ ಮೇಲೆ ನಿರ್ಧರಿಸಲಾಗುತ್ತದೆ. ಆದರೆ ಈ ಎರಡೂ ಅಂಕಿಗಳು ಸರಿಯಿದ್ದರೂ ಹಾಲಿಗೆ ಕೆಟ್ಟ ವಾಸನೆ ಇರಬಹುದು. ಅದನ್ನು ಹಿಡಿಯಲು ಮೂಗೇ ಮೊದಲ ಸಾಧನ.

2022ರಲ್ಲಿ ಧಾರವಾಡ ಒಕ್ಕೂಟದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಪ್ರತ್ಯೇಕ ಹಾಲು ಒಕ್ಕೂಟ ಬಂದ ಮೇಲೆ ಈ ಹಾಲಿನ ಗುಣಮಟ್ಟ ಜಿಲ್ಲೆಯ ಸ್ವಂತ ಹೊಣೆಯಾಗಿದೆ. ಹಾಲು ಕೆಟ್ಟಿತೆಂದರೆ 'ಹುಳಿಯಾಯಿತು' ಎಂದಷ್ಟೇ ತಿಳಿಯುವವರು ಹೆಚ್ಚು. ವಾಸ್ತವದಲ್ಲಿ ಪ್ರತಿಯೊಂದು ವಾಸನೆಗೂ ಬೇರೆ ಬೇರೆ ಮೂಲವಿದೆ, ಪರಿಹಾರವೂ ಬೇರೆ. ಹುಳಿ ವಾಸನೆಗೆ ಕ್ಯಾನ್ ತೊಳೆಯಬೇಕು. ಮೇವಿನ ವಾಸನೆಗೆ ಎಷ್ಟು ಕ್ಯಾನ್ ತೊಳೆದರೂ ಫಲವಿಲ್ಲ.

ಮೊದಲ ಪ್ರಶ್ನೆ: ವಾಸನೆ ಬಂದದ್ದು ಯಾವಾಗ?

ಪತ್ತೆಗೆ ಒಂದು ಸರಳ ವಿಧಾನವಿದೆ. ಪ್ರತಿ ಆಕಳು ಹಾಗೂ ಎಮ್ಮೆಯ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಶುದ್ಧ ಗಾಜಿನ ಲೋಟಗಳಲ್ಲಿ ತೆಗೆದು, ಹಿಂಡಿದ ಕೂಡಲೇ ಒಮ್ಮೆ, ಮುಚ್ಚಿಟ್ಟು ಕೆಲವು ಗಂಟೆಗಳ ನಂತರ ಮತ್ತೊಮ್ಮೆ ಮೂಸಿ ನೋಡಬೇಕು. ಹಿಂಡಿದಾಗಲೇ ವಾಸನೆ ಇದ್ದರೆ ದೋಷ ಮೇವಿನಲ್ಲಿ ಅಥವಾ ದನದ ಮೈಯಲ್ಲಿದೆ. ಆಗ ಇಲ್ಲದೆ, ಹೊತ್ತು ಹೋದಂತೆ ಹೆಚ್ಚಿದರೆ ದೋಷ ಸಾಮಾನ್ಯವಾಗಿ ಪಾತ್ರೆ, ಶಾಖ ಅಥವಾ ಬೆಳಕಿನಲ್ಲಿದೆ. ಒಂದೇ ದನದ ಲೋಟದಲ್ಲಿ ವಾಸನೆಯಿದ್ದರೆ ಆ ದನವನ್ನು ಗಮನಿಸಬೇಕು; ಎಲ್ಲ ಲೋಟಗಳಲ್ಲೂ ಇದ್ದರೆ ಮೇವು ಅಥವಾ ಕೊಟ್ಟಿಗೆಯನ್ನು ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿ ಹಾಲನ್ನು ಬಾಯಿಗೆ ಹಾಕಿ ಪರೀಕ್ಷಿಸಬಾರದು. ಬ್ರುಸೆಲ್ಲೋಸಿಸ್, ಕ್ಷಯದಂತಹ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಹರಡಬಲ್ಲವು. ರುಚಿ ನೋಡಲೇಬೇಕಾದರೆ ಕುದಿಸಿ, ಆರಿಸಿ ನೋಡುವುದು ಕ್ಷೇಮ.

ಮೇವಿನಿಂದ ಬರುವ ವಾಸನೆ

ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಸೊಪ್ಪು ತಿಂದ ದನದ ಹಾಲಿಗೆ ಅದರ ವಾಸನೆ ಅರ್ಧ ಗಂಟೆಯೊಳಗೇ ಇಳಿಯಬಲ್ಲದು. ಅದು ಹೊಟ್ಟೆಯಿಂದ ಮಾತ್ರವಲ್ಲ, ಉಸಿರಿನ ಮೂಲಕವೂ ರಕ್ತ ಸೇರಿ ಕೆಚ್ಚಲನ್ನು ತಲುಪುತ್ತದೆ. ಗೋವಿನಜೋಳದ ರಸಮೇವನ್ನು ಹಿಂಡುವ ಹೊತ್ತಿಗೆ ಮುಂದಿಟ್ಟರೂ ಹೀಗೆಯೇ ಆಗುತ್ತದೆ. ರಸಮೇವು ಕೆಟ್ಟ ಆಹಾರವಲ್ಲ. ಕೊಡುವ ಹೊತ್ತು ತಪ್ಪು. ಹಾಲು ಹಿಂಡಿದ ಮೇಲೆ ಕೊಟ್ಟರೆ ಮುಂದಿನ ಹಿಂಡುವಿಕೆಯ ಹೊತ್ತಿಗೆ ವಾಸನೆ ದೇಹದಿಂದ ಹೊರಹೋಗಿರುತ್ತದೆ.

ಹಸಿರು ಮೇವು ಸಿಗದ ದಿನಗಳಲ್ಲಿ ದನಗಳು ರಸ್ತೆಬದಿಯ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸಕ್ಕೂ ಬಾಯಿ ಹಾಕುವುದುಂಟು. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿನಿಂದ ಹಾಲು ಕಹಿಯಾಗುತ್ತದೆ, ದನದ ಆರೋಗ್ಯಕ್ಕೂ ಹಾನಿಯಾಗುತ್ತದೆ. ಕತ್ತರಿಸಿ ತಂದ ಹುಲ್ಲಿನ ಹೊರೆಯಲ್ಲಿ ಈ ಕಸ ಬೆರೆತಿದೆಯೇ ಎಂದು ನೋಡಿ ಆರಿಸುವುದು ಅಗತ್ಯ.

ದನದ ಮೈ ಹೇಳುವ ಸುಳಿವು

ಹಾಲು ಉಪ್ಪುಪ್ಪಾಗಿದ್ದರೆ ಮೊದಲ ಅನುಮಾನ ಕೆಚ್ಚಲು ಬಾವಿನ ಮೇಲೆ ಹೋಗಬೇಕು. ಈ ರೋಗದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗಿ ಕ್ಲೋರೈಡ್ ಲವಣ ಹೆಚ್ಚುತ್ತದೆ. ಮೇಲ್ನೋಟಕ್ಕೆ ಬಾವು ಕಾಣದ ಹಂತದಲ್ಲಿಯೂ ಹೀಗಾಗಬಹುದು. ಬತ್ತುವ ಹಂತದ ದನದ ಹಾಲೂ ಸ್ವಲ್ಪ ಉಪ್ಪಾಗಿರುವುದರಿಂದ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿಯೇ ನಿರ್ಧರಿಸಬೇಕು. ಚಿಕಿತ್ಸೆ ನಡೆದಿರುವಾಗ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಕ್ಯಾನಿಗೆ ಸೇರಿಸಬಾರದು.

ಕರು ಹಾಕಿದ ಮೊದಲ ವಾರಗಳಲ್ಲಿ ಹೆಚ್ಚು ಹಾಲು ಕೊಡುವ ಆಕಳಿನ ಹಾಲಿಗೆ, ಉಸಿರಿಗೆ ಸಿಹಿಯಾದ ಅಸಿಟೋನ್ ವಾಸನೆ ಬಂದರೆ ಅದು ಕೀಟೋಸಿಸ್ ಲಕ್ಷಣವಿರಬಹುದು. ಇಲ್ಲಿ ವಾಸನೆ ಹಾಲಿಗಿಂತ ಮೊದಲು ದನಕ್ಕೆ ಚಿಕಿತ್ಸೆ ಬೇಕೆಂದು ಹೇಳುತ್ತಿದೆ.

ಹುಳಿ: ಸಮಯ ಮತ್ತು ಶಾಖದ ಲೆಕ್ಕ

ಕೆಚ್ಚಲಿನಿಂದ ಹೊರಬರುವ ಹಾಲಿನ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ಇದು ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಹೇಳಿ ಮಾಡಿಸಿದಂತಿರುತ್ತದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ನಾಲ್ಕು ಗಂಟೆಗಳಲ್ಲಿ ಒಂದು ಬ್ಯಾಕ್ಟೀರಿಯಾ 256 ಆಗುತ್ತದೆ. ತೊಳೆಯದ ಕ್ಯಾನಿನಲ್ಲಿ ಆರಂಭದ ಸಂಖ್ಯೆಯೇ ಲಕ್ಷಗಳಲ್ಲಿರುತ್ತದೆ. ಇವು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದರಿಂದ ಹಾಲು ಹುಳಿಯಾಗಿ, ಕಾಯಿಸಿದಾಗ ಒಡೆಯುತ್ತದೆ. ಕೆಲವು ಬ್ಯಾಕ್ಟೀರಿಯಾಗಳಿಂದ ಹುಳಿಗೂ ಮೊದಲೇ ಹುರಿದ ಧಾನ್ಯದಂತಹ ವಾಸನೆ ಬರುತ್ತದೆ. ಇದು ಪಾತ್ರೆಯ ಕೊಳೆ ಹಾಗೂ ತಡವಾದ ತಂಪಾಗಿಸುವಿಕೆಯ ಗುರುತು.

ಕ್ಯಾನ್ ತೊಳೆಯುವುದರಲ್ಲಿಯೂ ಕ್ರಮವಿದೆ. ಕುದಿಯುವ ನೀರನ್ನು ಮೊದಲೇ ಸುರಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದ ಜಾಲಾಡಿಸಿ, ನಂತರ ಬಿಸಿನೀರು ಮತ್ತು ತೊಳೆಯುವ ಪುಡಿಯಿಂದ ಉಜ್ಜಿ, ಚೆನ್ನಾಗಿ ಜಾಲಿಸಿ, ಬೋರಲು ಹಾಕಿ ಒಣಗಿಸಬೇಕು. ಎಲ್ಲರೂ ಮರೆಯುವ ಭಾಗವೆಂದರೆ ಮುಚ್ಚಳದ ರಬ್ಬರ್ ಬಳೆ. ಅದನ್ನು ಬಿಚ್ಚಿ ತೊಳೆಯದಿದ್ದರೆ ಅದರಡಿಯಲ್ಲಿ ಉಳಿದ ಹಾಲೇ ಮರುದಿನದ ಹಾಲಿಗೆ ಹೆಪ್ಪಾಗುತ್ತದೆ. ಮಳೆಗಾಲದಲ್ಲಿ ಹಾನಗಲ್ಲ ಭಾಗದಂತಹ ತೇವದ ಪ್ರದೇಶಗಳಲ್ಲಿ ಕ್ಯಾನ್ ಒಣಗದೇ ಇರುವುದೇ ದೊಡ್ಡ ತೊಂದರೆ.

ಹುಳಿಯನ್ನು ಮರೆಮಾಚಲು ಸೋಡಾ ಬೆರೆಸುವವರೂ ಇದ್ದಾರೆ. ಅದು ಪರಿಹಾರವಲ್ಲ, ಕಲಬೆರಕೆ. ಕಾನೂನಿನ ಪ್ರಕಾರ ಅಪರಾಧ.

ಹುಳಿಯಿಲ್ಲದ ಕೆಟ್ಟ ವಾಸನೆ

ಹಾಲು ಒಡೆಯದಿದ್ದರೂ ಸಾಬೂನಿನಂತೆ, ಹಳಸಿದ ಬೆಣ್ಣೆಯಂತೆ ನಾರಿದರೆ ಕೊಬ್ಬು ವಿಭಜನೆಯಾಗಿದೆ ಎಂದರ್ಥ. ಅರ್ಧ ತುಂಬಿದ ಕ್ಯಾನನ್ನು ದ್ವಿಚಕ್ರ ವಾಹನದಲ್ಲಿ ಕುಲುಕುತ್ತ ಒಯ್ದಾಗ ನೊರೆಯೆದ್ದು, ಕೊಬ್ಬಿನ ಕಣಗಳ ಪೊರೆ ಹರಿದು, ಹಾಲಿನಲ್ಲಿರುವ ಲೈಪೇಸ್ ಕಿಣ್ವ ಕೊಬ್ಬನ್ನು ಒಡೆಯುತ್ತದೆ. ಹಾಲಿನ ಪ್ರಮಾಣಕ್ಕೆ ತಕ್ಕ ಚಿಕ್ಕ ಪಾತ್ರೆ ಬಳಸುವುದೇ ಇದಕ್ಕೆ ಸುಲಭದ ಪರಿಹಾರ.

ರಟ್ಟಿನಂತಹ ರುಚಿ ಬಂದರೆ ಲೋಹ ಅಥವಾ ಬೆಳಕನ್ನು ಶಂಕಿಸಬೇಕು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗಳಿಂದ ಹಾಲಿಗೆ ಸೇರುವ ತಾಮ್ರದ ಅಂಶ ಕೊಬ್ಬಿನ ಉತ್ಕರ್ಷಣವನ್ನು ಚುರುಕುಗೊಳಿಸುತ್ತದೆ. ಸ್ಟೀಲ್ ಪಾತ್ರೆ ಉತ್ತಮ. ಬಿಸಿಲಿಗೆ ತೆರೆದ ಹಾಲಿನಲ್ಲಿ ರೈಬೋಫ್ಲಾವಿನ್ ಜೀವಸತ್ವದ ಮೂಲಕ ಬೆಳಕೇ ವಾಸನೆ ಹುಟ್ಟಿಸುತ್ತದೆ. ಬಿಯರ್ ಬಾಟಲಿಗಳಿಗೆ ಕಂದು ಗಾಜು ಬಳಸುವುದೂ ಇಂತಹುದೇ ಬೆಳಕಿನ ದೋಷವನ್ನು ತಡೆಯಲೆಂದು.

ಪಟ್ಟಣದ ಗ್ರಾಹಕರಿಗೂ ಸಂಬಂಧ

4 ಡಿಗ್ರಿಗೆ ತಂಪಾಗಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಚಳಿಯಲ್ಲೂ ಬೆಳೆಯಬಲ್ಲ ಕೆಲವು ಬ್ಯಾಕ್ಟೀರಿಯಾಗಳಿವೆ. ಪಾಶ್ಚರೀಕರಣದಲ್ಲಿ, ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದಾಗ, ಅವು ಸಾಯುತ್ತವೆ. ಆದರೆ ಅವು ಬಿಟ್ಟುಹೋದ ಕಿಣ್ವಗಳು ಉಳಿದು, ಮುಂದೆ ಹಾಲನ್ನು ಕಹಿಯಾಗಿಸಬಲ್ಲವು. ಹಳ್ಳಿಯ ಕ್ಯಾನಿನಲ್ಲಿ ಆದ ಅಜಾಗ್ರತೆ ನಗರದ ಪೊಟ್ಟಣದಲ್ಲಿ ಪ್ರಕಟವಾಗುವುದು ಹೀಗೆ.

ಗ್ರಾಹಕರೂ ಕೆಲವು ವಿಷಯ ಗಮನಿಸಬೇಕು. ಬಿಸಿಲಲ್ಲಿ ಕ್ರೇಟ್‌ಗಳನ್ನಿಟ್ಟಿರುವ ಅಂಗಡಿಯಿಂದ ಹಾಲು ಕೊಳ್ಳದಿರುವುದು, ಮನೆಗೆ ತಂದೊಡನೆ ಕಾಯಿಸುವುದು ಅಥವಾ ಫ್ರಿಜ್‌ನಲ್ಲಿಡುವುದು ಒಳಿತು.

ಹಾಲು ಹಿಂದಿರುಗಿ ಬಂದಾಗ ರೈತ ಪರೀಕ್ಷಕರೊಡನೆ ಜಗಳ ಕಾಯುವುದು, ಪರೀಕ್ಷಕರು ಕಾರಣ ಹೇಳದೆ ಕಳಿಸುವುದು ಎರಡರಿಂದಲೂ ಮರುದಿನದ ಹಾಲು ಸುಧಾರಿಸದು. 'ಯಾವ ವಾಸನೆ?' ಎಂದು ರೈತ ಕೇಳಬೇಕು; 'ಇಂತಹ ವಾಸನೆ' ಎಂದು ಪರೀಕ್ಷಕರು ಹೇಳಬೇಕು. ಅಷ್ಟಾದರೆ ಮೇವು, ದನ, ಕ್ಯಾನ್ ಇವುಗಳಲ್ಲಿ ಯಾವುದನ್ನು ಸರಿಪಡಿಸಬೇಕೆಂಬುದು ಅಂದೇ ತಿಳಿಯುತ್ತದೆ, ಮರುದಿನದ ಹಾಲು ಉಳಿಯುತ್ತದೆ.